ಯುದ್ಧಕಾಲದ ಲಾರಿಗಳ ಎಣಿಕೆ: ಒಂದು ವಿಮರ್ಶೆ

ಎರಡನೆಯ ಮಹಾಯುದ್ಧದಲ್ಲಿ (1939–45) ಕೆನಡಾ ದೇಶವು ನಿರ್ಮಿಸಿದ ಸೈನಿಕ ವಾಹನಗಳು 8 ಲಕ್ಷಕ್ಕೂ ಮಿಗಿಲೆಂದು ಗ್ರಂಥಗಳು ಹೇಳುವುವು. ಸಂಖ್ಯೆಯು ಸುಳ್ಳಲ್ಲ, ಆದರೆ ಅದನ್ನು ‘ಕೆನಡಾ ಸೈನಿಕ ಮಾದರಿ’ಯ ಲಾರಿಗಳ ಸಂಖ್ಯೆಯೆಂದು ಗ್ರಹಿಸುವುದು ಪ್ರಮಾದ. ಬ್ರಿಟಿಷ್ ಸೇನೆಯ ಅಗತ್ಯಗಳಿಗನುಸಾರವಾಗಿ ರೂಪುಗೊಂಡ ಆ ಮಾದರಿಯನ್ನು ಅಲ್ಲಿಯ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಾರ್ಖಾನೆಗಳು ನಿರ್ಮಿಸಿದುವು. ಮೊತ್ತದಲ್ಲಿ ಅದರ ಪಾಲು ಸುಮಾರು ಅರ್ಧ ಮಾತ್ರ. ವಾಣಿಜ್ಯ ಮಾದರಿಯನ್ನೇ ತಿದ್ದಿ ಕ್ರೈಸ್ಲರ್ ಕಾರ್ಖಾನೆಯು ಮಾಡಿದ ಡಾಡ್ಜ್ ಲಾರಿಗಳೂ ಆ ಮೊತ್ತದಲ್ಲಿ ಸೇರಿವೆ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಭಾರತದ ಲೆಕ್ಕದಲ್ಲಿದೆ. ಕೆನಡಾದಿಂದ ಬಂದ ಚಾಸಿಗಳ ಮೇಲೆ ಟಾಟಾ ಸಂಸ್ಥೆಯೂ ರೈಲ್ವೆ ಕಾರ್ಯಾಗಾರಗಳೂ ಉಕ್ಕಿನ ಕವಚವನ್ನು ಕಟ್ಟಿ ‘ಭಾರತೀಯ ಮಾದರಿ’ಯ ಕವಚವಾಹನಗಳನ್ನು ಸಿದ್ಧಪಡಿಸಿದುವು. ಹೀಗೆ ಒಂದೇ ವಾಹನವು ಅಲ್ಲಿ ಚಾಸಿಯಾಗಿಯೂ ಇಲ್ಲಿ ಕವಚವಾಹನವಾಗಿಯೂ ಎಣಿಕೆಗೆ ಬರುವುದು. ಎರಡು ಪಟ್ಟಿಗಳನ್ನೂ ಕೂಡಿಸಿದರೆ ಒಂದು ಎರಡಾಗುವುದು. ಕೆನಡಾದ ಪಟ್ಟಿಯೊಂದನ್ನೇ ನಂಬಿದರೆ ಇಲ್ಲಿಯ ಕೆಲಸಗಾರರ ದುಡಿಮೆಯು ಇತಿಹಾಸದಿಂದಲೇ ಅಳಿಯುವುದು.

ಆದುದರಿಂದ ‘ಎಷ್ಟು’ ಎಂಬ ಪ್ರಶ್ನೆಗೆ ಮೊದಲು, ಏನನ್ನು, ಎಲ್ಲಿ, ನಿರ್ಮಾಣದ ಯಾವ ಹಂತದಲ್ಲಿ ಎಣಿಸಿದರೆಂಬುದನ್ನು ಸಂಶೋಧಕನು ನಿರ್ಣಯಿಸಿಕೊಳ್ಳತಕ್ಕದ್ದು. ಅದಿಲ್ಲದ ಅಂಕಿಯು ಎಷ್ಟೇ ನಿಖರವಾಗಿ ತೋರಿದರೂ ಪ್ರಮಾಣವೆನಿಸದು.