ಬೆಕ್ಕು ಹುಡುಕುವ ಅಮ್ಮ

ಸಿಂಗಪುರದ ನಾಟಕಕಾರ ಕುವೊ ಪಾವೊ ಕುನ್ 1988ರಲ್ಲಿ ರಂಗಕ್ಕೆ ತಂದ ‘ಮಾಮಾ ಲುಕಿಂಗ್ ಫಾರ್ ಹರ್ ಕ್ಯಾಟ್’ ನನಗೆ ಬಲು ಪ್ರಿಯವಾದ ನಾಟಕ. ಕತೆ ಇಷ್ಟೇ: ಬೆಕ್ಕು ಕಾಣೆಯಾಗಿದೆ, ವಯಸ್ಸಾದ ತಾಯಿ ಅದನ್ನು ಹುಡುಕಿಕೊಂಡು ಹೊರಟಿದ್ದಾಳೆ. ಅವಳಿಗೆ ಬರುವುದು ಹೊಕಿಯೆನ್ ಎಂಬ ಚೀನೀ ಉಪಭಾಷೆ. ಮಕ್ಕಳ ಬಾಯಲ್ಲಿ ಮ್ಯಾಂಡರಿನ್, ಇಂಗ್ಲಿಷ್. ಉಪಭಾಷೆಗಳನ್ನು ಬಿಟ್ಟು ‘ಮ್ಯಾಂಡರಿನ್ ಮಾತಾಡಿ’ ಎಂದು 1979ರಲ್ಲಿ ಸರ್ಕಾರ ಶುರುಮಾಡಿದ ಅಭಿಯಾನ ಚೀನೀ ಮನೆಗಳ ಒಳಗೆ ಏನು ಮಾಡಿತೆಂದು ಯಾವ ಭಾಷಣವೂ ಇಷ್ಟು ಚೆನ್ನಾಗಿ ಹೇಳಲಾರದು. ಸ್ವಂತ ಮನೆಯಲ್ಲೇ ಆಕೆ ಪರದೇಸಿ.

ದಾರಿಯಲ್ಲಿ ಅವಳಿಗೆ ತಮಿಳು ಮುದುಕನೊಬ್ಬ ಎದುರಾಗುತ್ತಾನೆ. ಅವನೂ ಬೆಕ್ಕು ಹುಡುಕುತ್ತಿರುವವನೇ. ಅವನ ಮಾತು ಅವಳಿಗೆ ತಿಳಿಯದು, ಅವಳದು ಅವನಿಗೆ. ಒಂದಿಷ್ಟು ಕೈಸನ್ನೆ, ಒಂದಿಷ್ಟು ಬೆಕ್ಕಿನ ಕೂಗು. ಅಷ್ಟರಲ್ಲೇ ಇಬ್ಬರೂ ಸುಖದುಃಖ ಹಂಚಿಕೊಳ್ಳುತ್ತಾರೆ. ಹೆತ್ತ ಮಕ್ಕಳ ಜೊತೆ ಆಗದ ಮಾತುಕತೆ ಇಲ್ಲಿ ಆಗಿಬಿಡುತ್ತದೆ. ಎಂಥ ದೃಶ್ಯ ಅದು!

ಕುವೊ 1976ರಿಂದ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರು. ಆದರೂ ನಾಟಕದಲ್ಲಿ ರಾಜಕೀಯ ಘೋಷಣೆಯಿಲ್ಲ. ಹೊಕಿಯೆನ್, ತಮಿಳು, ಮ್ಯಾಂಡರಿನ್, ಇಂಗ್ಲಿಷ್ ಎಲ್ಲವನ್ನೂ ಒಂದೇ ರಂಗದ ಮೇಲೆ ಆಡಿಸಿದರು. ಎಲ್ಲವನ್ನೂ ಬಲ್ಲ ಪ್ರೇಕ್ಷಕರು ಎಷ್ಟು ಮಂದಿ? ಮಾತು ತಿಳಿಯದೆ ತಡವರಿಸುವ ಆ ಗಳಿಗೆಯಲ್ಲಿ ನೋಡುವವರೂ ಆ ತಾಯಿಯ ಪಕ್ಕದಲ್ಲೇ ನಿಂತಿರುತ್ತಾರೆ.