ಚೆಲುವು, ಸೇವೆ, ಹಂಬಲ

ಕಾವ್ಯ, ಕಾದಂಬರಿ, ನಾಟಕಗಳಿಗಷ್ಟೇ ವಿಮರ್ಶೆ ಮೀಸಲೆಂಬ ಕಟ್ಟಳೆಯೇನೂ ಇಲ್ಲ. ಸಭೆಯಲ್ಲಿ ಒಪ್ಪಿಸುವ ಮಾತಿಗೂ, ಪತ್ರಿಕೆಯಲ್ಲಿ ಅಚ್ಚಾಗಿ ಮನೆಮನೆಗೆ ಬರುವ ನಾಲ್ಕು ಸಾಲಿಗೂ ಒಂದು ರೂಪವುಂಟು. ರೂಪವಿದ್ದಲ್ಲಿ ಗುಣದೋಷಗಳ ವಿಚಾರಕ್ಕೆ ಎಡೆಯೂ ಉಂಟು. ಈ ವಾರ ನಾನು ಎತ್ತಿಕೊಂಡಿರುವುದು ಅಂಥದೊಂದು ಕಿರುಪ್ರಕಾರ: ಸೌಂದರ್ಯಸ್ಪರ್ಧೆಗೆ ನಿಂತ ತರುಣಿಯ ಪರಿಚಯಪತ್ರ. ಅದರ ಕಟ್ಟಡ ಎಲ್ಲ ಕಡೆಯೂ ಒಂದೇ. ಮೊದಲು ಊರು, ವಯಸ್ಸು, ಎತ್ತರ. ಆಮೇಲೆ ಆಕೆ ಮಾಡಿದ ಸಮಾಜಸೇವೆ. ಕೊನೆಗೆ ಆಕೆಯ ಹಂಬಲ: ವೈದ್ಯೆಯಾಗಬೇಕು, ನಟಿಯಾಗಬೇಕು, ಬಡಮಕ್ಕಳಿಗೆ ಶಾಲೆ ತೆರೆಯಬೇಕು. ಚೆಲುವು, ಸೇವೆ, ಹಂಬಲ ಎಂಬ ಈ ಮೂರು ಕಾಲುಗಳ ಮೇಲೆ ಪತ್ರ ನಿಂತಿರುತ್ತದೆ.

ಇಂಥ ಪತ್ರಗಳನ್ನು ಓದಿ ನಗುವವರು ಬಹಳ, ಸಿಟ್ಟಾಗುವವರೂ ಇದ್ದಾರೆ. ಕೂತು ಓದಿದವರನ್ನು ಮಾತ್ರ ನಾನು ಹೆಚ್ಚು ಕಂಡಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಿಂದಲೂ ಹೆಣ್ಣುಮಕ್ಕಳು ಇಂದು ಕಾಲೇಜಿಗೆ, ನಗರಕ್ಕೆ, ವೇದಿಕೆಗೆ ಹೋಗುತ್ತಿರುವಾಗ, ಅವರ ಬಾಯಿಗೆ ನಾವು ಯಾವ ಮಾತು ಕೊಟ್ಟು ಕಳಿಸುತ್ತೇವೆಂಬುದು ಅಲಕ್ಷಿಸುವ ಸಂಗತಿಯಲ್ಲ.

ಈ ಪ್ರಕಾರದ ಹುಟ್ಟನ್ನು ಮೊದಲು ನೋಡೋಣ. ವಿಶ್ವಸುಂದರಿ ಸ್ಪರ್ಧೆಯನ್ನು ಎರಿಕ್ ಮಾರ್ಲೆ ಎಂಬಾತ ಲಂಡನ್ನಿನಲ್ಲಿ ಆರಂಭಿಸಿದ್ದು 1951ರಲ್ಲಿ. ಆಗ ಸೇವೆಯ ಮಾತಿರಲಿಲ್ಲ. ಈಜುಡುಗೆಯೇ ಅದರ ಬಂಡವಾಳ. 'ಸದುದ್ದೇಶದ ಸೌಂದರ್ಯ' ಎಂಬರ್ಥದ ಘೋಷಣೆಯನ್ನು ಜೂಲಿಯಾ ಮಾರ್ಲೆ ಜೋಡಿಸಿದ್ದು 1972ರಲ್ಲಿ. ಎಂದರೆ ಇಪ್ಪತ್ತೊಂದು ವರ್ಷ ಚೆಲುವು ಒಂಟಿಯಾಗಿ ನಡೆದು, ಆಮೇಲೆ ಸೇವೆಯ ಕೈಹಿಡಿಯಿತು. ಟೀಕೆಯ ಬಿಸಿ ತಾಗಿದ್ದರಿಂದಲೋ, ನಿಜವಾದ ಕಳಕಳಿಯಿಂದಲೋ, ಅದು ಬೇರೆ ವಿಚಾರ. ಸೇವೆಯು ಈ ರೂಪಕ್ಕೆ ಹೊರಗಿನಿಂದ ಬಂದು ಸೇರಿದ್ದು ಎಂಬ ಮಾತು ಮಾತ್ರ ವಿಮರ್ಶಕನ ನೆನಪಿನಲ್ಲಿರಬೇಕು. ಬೆಸುಗೆಯ ಗುರುತು ಇಂದಿಗೂ ಕಾಣುತ್ತದೆ.

ನಮ್ಮ ರಾಜ್ಯಕ್ಕೆ ಈ ಸ್ಪರ್ಧೆ ಬಂದದ್ದು 1996ರ ನವೆಂಬರ್ 23ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. 88 ದೇಶಗಳ ತರುಣಿಯರು ಬಂದರು. ಅಮಿತಾಭ್ ಬಚ್ಚನ್ನರ ಸಂಸ್ಥೆ ವ್ಯವಸ್ಥೆ ಹೊತ್ತಿತ್ತು. ಈಜುಡುಗೆಯ ಸುತ್ತನ್ನು ದೂರದ ಸೇಶೆಲ್ಸ್ ದ್ವೀಪಕ್ಕೆ ಒಯ್ಯಬೇಕಾಯಿತು; ಬೀದಿಯಲ್ಲಿ ವಿರೋಧ ಅಷ್ಟು ಜೋರಾಗಿತ್ತು. ವಿರೋಧಿಗಳಲ್ಲಿ ಎರಡು ಪಂಗಡ. ಇದು ಭಾರತೀಯ ನಾರಿಗೆ ಅಪಮಾನ ಎಂದದ್ದು ಒಂದು. ಇದು ಬಹುರಾಷ್ಟ್ರೀಯ ಕಂಪನಿಗಳ ಸಾಬೂನು-ಸುಗಂಧಗಳ ಸಂತೆ ಎಂದದ್ದು ಇನ್ನೊಂದು. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತಸಂಘ ಎರಡನೆಯ ಮಾತನ್ನು ಎತ್ತಿ ಹಿಡಿಯಿತು. ಎರಡನೆಯ ಮಾತಿನಲ್ಲಿ ಹುರುಳಿತ್ತೆಂದೇ ನನ್ನ ಅಭಿಪ್ರಾಯ. ಆದರೆ ಸಂಸ್ಕೃತಿಯ ಹೆಸರು ಹಿಡಿದವರೂ ಸಂತೆಯ ಹೆಸರು ಹಿಡಿದವರೂ ವೇದಿಕೆಯ ಮೇಲೆ ನಿಂತವಳನ್ನು ಒಂದು ಗುರುತಾಗಿ ಕಂಡರೇ ಹೊರತು ಮಾತಾಡುವ ಹೆಣ್ಣಾಗಿ ಕಾಣಲಿಲ್ಲ. ಗ್ರೀಸಿನ ಐರಿನ್ ಸ್ಕ್ಲಿವಾ ಗೆದ್ದರು. ಭಾರತದ ರಾಣಿ ಜೇಯರಾಜ್ ಕೊನೆಯ ಐವರಲ್ಲಿ ನಿಂತರು. ಅವರು ಏನು ಹೇಳಿದರು, ಏನಾಗಬಯಸಿದ್ದರು ಎಂಬುದನ್ನು ಆ ಗದ್ದಲದಲ್ಲಿ ಕೇಳಿದವರು ಎಷ್ಟು ಮಂದಿ?

ಹೆಣ್ಣಿನ ಹಿರಿಮೆಯನ್ನು ಮಾತಿನಲ್ಲಿ ಕಟ್ಟುವ ಕೆಲಸ ನಮಗೆ ಹೊಸತಲ್ಲ. ಗದಗಿನಿಂದ ಹನ್ನೆರಡು ಕಿಲೋಮೀಟರು ಹೋದರೆ ಲಕ್ಕುಂಡಿ. ಅಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯಿದೆ. ಆಕೆಯನ್ನು ಹೊಗಳುವ 1007ರ ಶಾಸನವಿದೆ. ಅದಕ್ಕೂ ಮೊದಲೇ, 993ರಲ್ಲಿ, ರನ್ನ ಆಕೆಯ ಆಶ್ರಯದಲ್ಲಿ ಅಜಿತಪುರಾಣ ಬರೆದು ಅದರಲ್ಲಿ ಆಕೆಯ ಚರಿತೆಯನ್ನು ಸೇರಿಸಿದ. ಇವೂ ಒಂದು ಬಗೆಯ ಪರಿಚಯಪತ್ರಗಳೇ. ಆದರೆ ಇಲ್ಲಿ ಔಚಿತ್ಯ ಹೇಗೆ ದುಡಿದಿದೆ ನೋಡಿ. ಅಡಿಯಿಂದ ಮುಡಿಯವರೆಗೆ ಹೆಣ್ಣನ್ನು ವರ್ಣಿಸುವುದು ಅಂದಿನ ಕವಿಗೆ ನೀರು ಕುಡಿದಷ್ಟು ಸುಲಭ. ಉಪಮೆಗಳೆಲ್ಲ ಸಿದ್ಧವಾಗಿದ್ದುವು. ರನ್ನ ಅವನ್ನು ಬದಿಗಿಟ್ಟು, ಆಕೆಯ ನಡತೆಯ ಪಾವಿತ್ರ್ಯಕ್ಕೆ ಬಿಳಿಯ ಅರಳೆಯನ್ನು ಹೋಲಿಕೆಗೆ ತಂದ. ಎರೆಹೊಲದಲ್ಲಿ ಹತ್ತಿ ಒಡೆದ ಕಾಲಕ್ಕೆ ನಮ್ಮ ಸೀಮೆಯಲ್ಲಿ ನಡೆದಾಡಿದವರಿಗೆ ಆ ಹೋಲಿಕೆಯ ಬೆಲೆ ತಿಳಿಯುತ್ತದೆ. ಅದು ಅಂಗಡಿಯಿಂದ ತಂದ ಅಲಂಕಾರವಲ್ಲ, ಹೊಲದಲ್ಲಿ ಬೆಳೆದದ್ದು.

ಇನ್ನೊಂದು ಮಾತು. ಅತ್ತಿಮಬ್ಬೆಯ ಸೇವೆಗೆ ಲೆಕ್ಕವಿದೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಚಿನ್ನದ 1500 ಜಿನಬಿಂಬಗಳನ್ನು ಮಾಡಿಸಿದಳು ಎಂದು ಹೇಳುತ್ತಾರೆ. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ! ಅಚ್ಚುಕೂಟಗಳಿಗೆ ಹೆಸರಾದ ಗದಗಿನವರಿಗೆ ಅದರ ದುಡಿಮೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಏನು ಮಾಡಿದಳು, ಎಷ್ಟು ಮಾಡಿದಳು, ಯಾರಿಗೆ ಸಿಕ್ಕಿತು ಎಂಬ ಪ್ರಶ್ನೆಗಳಿಗೆ ಹಳೆಯ ಪ್ರಶಸ್ತಿ ಉತ್ತರ ಕೊಡುತ್ತದೆ. 'ಸಮಾಜಕ್ಕೆ ಏನನ್ನಾದರೂ ಮಾಡುವ ತುಡಿತ' ಎಂದು ತೇಲಿಸಿಬಿಡುವುದಿಲ್ಲ.

ಲಕ್ಷ್ಮೇಶ್ವರದ ಕಥೆ ಇದಕ್ಕಿಂತ ತೀಕ್ಷ್ಣವಾದದ್ದು. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಪುಲಿಗೆರೆಗೆ ಬಂದ ಆದಯ್ಯ ಇಲ್ಲಿಯ ಜೈನವರ್ತಕನ ಮಗಳು ಪದ್ಮಾವತಿಯ ಚೆಲುವಿಗೆ ಸೋತು ಮದುವೆಯಾದ. ಹರಿಹರ ರಗಳೆಯಲ್ಲಿಯೂ ರಾಘವಾಂಕ ಸೋಮನಾಥಚಾರಿತ್ರದಲ್ಲಿಯೂ ಈ ಪ್ರೇಮವನ್ನು ಪಾಡಿದರು. ಆದರೆ ಆ ಕಥೆ ಚೆಲುವಿನಲ್ಲಿ ನಿಲ್ಲುವುದಿಲ್ಲ. ಮನೆಗೆ ಬಂದ ಶಿವಭಕ್ತರು ಉಣ್ಣದೆ ಹೋದರೆಂಬಲ್ಲಿ ಅದು ತಿರುಗುತ್ತದೆ. ಆ ಹಸಿವೆಯೇ ಆದಯ್ಯನನ್ನು ಸೋಮನಾಥನ ಬಳಿಗೆ ಅಟ್ಟುತ್ತದೆ. ಮತಗಳ ಜಗಳ ಹಾಗಿರಲಿ. ಕಥೆಯ ಹೆಣಿಗೆಯನ್ನಷ್ಟೇ ನೋಡಿದರೆ, ಚೆಲುವು ಬಾಗಿಲು ತೆರೆಯಿತು, ಹಸಿವೆ ಮನೆಯನ್ನು ಪರೀಕ್ಷಿಸಿತು. ಪದ್ಮಾವತಿಯ ಚೆಲುವಿನ ವರ್ಣನೆಯನ್ನು ಕಿತ್ತರೆ ಕಥೆ ಹುಟ್ಟುವುದಿಲ್ಲ. ಹಸಿದವರ ಪ್ರಸಂಗವನ್ನು ಕಿತ್ತರೆ ಬೆಳೆಯುವುದಿಲ್ಲ. ಎರಡೂ ಒಂದಕ್ಕೊಂದು ಬೇಕಾದವು. ಇಂದಿನ ಪರಿಚಯಪತ್ರದಲ್ಲಿ ಹಾಗಿಲ್ಲ: ಸೇವೆಯ ಪರಿಚ್ಛೇದವನ್ನು ತೆಗೆದು ಹಾಕಿ, ಇನ್ನೊಬ್ಬಳ ಪತ್ರದಿಂದ ಬೇರೊಂದನ್ನು ತಂದು ಅಂಟಿಸಿದರೂ ಓದುಗನಿಗೆ ತಿಳಿಯುವುದಿಲ್ಲ. ಇದೇ ಅದರ ದೋಷ.

ಸ್ಪರ್ಧೆಯ ಕೊನೆಯ ಸುತ್ತು ಪ್ರಶ್ನೋತ್ತರ. 2017ರಲ್ಲಿ ಚೀನಾದ ಸಾನ್ಯಾದಲ್ಲಿ ಮಾನುಷಿ ಚಿಲ್ಲರ್ ಅವರನ್ನು ಕೇಳಿದರು: ಅತ್ಯಂತ ಹೆಚ್ಚಿನ ಸಂಬಳಕ್ಕೆ ಅರ್ಹವಾದ ಉದ್ಯೋಗ ಯಾವುದು? ತಾಯಿಯೇ ಎಲ್ಲಕ್ಕೂ ಹೆಚ್ಚಿನ ಗೌರವಕ್ಕೆ ಅರ್ಹಳು, ಆ ಸಂಬಳ ಬರಿಯ ಹಣವಲ್ಲ, ಪ್ರೀತಿ-ಗೌರವಗಳೂ ಹೌದು ಎಂಬರ್ಥದಲ್ಲಿ ಅವರು ಉತ್ತರಿಸಿದರು, ಕಿರೀಟ ಬಂತು. ಉತ್ತರ ಸುಂದರ, ಅಲ್ಲವೆನ್ನುವುದಿಲ್ಲ. ಆದರೆ ಅದು ರೂಢಿಯ ಸೌಂದರ್ಯ; ಮುಖವನ್ನು ಚಂದ್ರನಿಗೆ ಹೋಲಿಸಿದಂತೆ. ಹೇಳಿದವರು ವೈದ್ಯಕೀಯ ವಿದ್ಯಾರ್ಥಿನಿ. ಮುಟ್ಟಿನ ಕಾಲದ ಆರೋಗ್ಯದ ಬಗ್ಗೆ ಹಳ್ಳಿಗಳಲ್ಲಿ ಕೆಲಸ ಮಾಡಿದವರು. ಆ ಹಳ್ಳಿಗಳಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರನ್ನು ಅವರು ಕಂಡಿರಲೇಬೇಕು. ಆ ದುಡಿಮೆಯ ಹೆಸರು ಹೇಳಿದ್ದರೆ ಉತ್ತರ ಅವರದೇ ಆಗುತ್ತಿತ್ತು. ಸಂಬಳದ ಪ್ರಶ್ನೆಗೆ ಸಂಬಳದ ಉತ್ತರವೂ ಸಿಗುತ್ತಿತ್ತು. ತಾನು ಕಣ್ಣಾರೆ ಕಂಡದ್ದನ್ನು ಬಿಟ್ಟು ಎಲ್ಲರೂ ಒಪ್ಪುವುದನ್ನು ನುಡಿಸುವುದು ಈ ಪ್ರಕಾರದ ಒತ್ತಡ. ದೋಷವನ್ನು ಆ ತರುಣಿಯೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ವೀರನಾರಾಯಣನ ಗುಡಿಯ ನೆರಳಿನಲ್ಲಿ ಬೆಳೆದವರಿಗೆ ಇಲ್ಲಿ ಕುಮಾರವ್ಯಾಸನ ದ್ರೌಪದಿ ನೆನಪಾಗದೆ ಇರಲಾರಳು. ಸ್ವಯಂವರವೂ ಒಂದು ಸ್ಪರ್ಧೆಯೇ. ಅಲ್ಲಿ ಅವಳು ಅಲಂಕೃತಳಾಗಿ ನಿಲ್ಲುತ್ತಾಳೆ. ಆದರೆ ನಮ್ಮ ಜನ ಗಮಕಿಗಳ ಸುತ್ತ ಕೂತು ಕಾಯುತ್ತಿದ್ದುದು ಆ ಶೃಂಗಾರಕ್ಕಲ್ಲ, ಸಭಾಪರ್ವಕ್ಕೆ. ಅಲ್ಲಿ ಪ್ರಶ್ನೆ ಕೇಳುವವಳು ಅವಳು. ತನ್ನನ್ನು ತಾನೇ ಮೊದಲು ಸೋತವನಿಗೆ ನನ್ನನ್ನು ಪಣವಿಡುವ ಹಕ್ಕೆಲ್ಲಿಯದೆಂಬ ಆ ಪ್ರಶ್ನೆಗೆ ತೀರ್ಪು ಕೊಡಬೇಕಾದ ಹಿರಿಯರೆಲ್ಲ ತಲೆ ತಗ್ಗಿಸಿದರು. ಸೌಂದರ್ಯಸ್ಪರ್ಧೆಯಲ್ಲಿ ತೀರ್ಪುಗಾರರು ಕೇಳುತ್ತಾರೆ, ಹೆಣ್ಣು ಹೇಳುತ್ತಾಳೆ. ತೀರ್ಪುಗಾರರನ್ನು ತಿರುಗಿ ಕೇಳುವ ಸುತ್ತೊಂದು ಅಲ್ಲಿಲ್ಲ.

ಹಾಗೆಂದು ವೇದಿಕೆಯ ಸೇವೆಯೆಲ್ಲ ಹುಸಿಯೆ? ಇಲ್ಲ. 2025ರ ಮೇ 31ರಂದು ಹೈದರಾಬಾದಿನಲ್ಲಿ ಗೆದ್ದ ಥಾಯ್ಲೆಂಡಿನ ಓಪಲ್ ಸುಚಾತಾ ಅವರು ಸ್ತನಕ್ಯಾನ್ಸರಿನ ತಿಳಿವಳಿಕೆಗೆ ದುಡಿದವರು. ಹದಿನಾರರ ವಯಸ್ಸಿನಲ್ಲಿ ಅವರ ಎದೆಯಲ್ಲೇ ಗಂಟು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಗಿತ್ತು, ಅದೃಷ್ಟಕ್ಕೆ ಕ್ಯಾನ್ಸರಾಗಿರಲಿಲ್ಲ. ಇಲ್ಲಿ ಚೆಲುವು, ಸೇವೆ, ಹಂಬಲ ಮೂರೂ ಒಂದೇ ಮೈಯಿಂದ ಹೊರಟಿವೆ. ಅವರ ಮಾತನ್ನು ಇನ್ನೊಬ್ಬಳ ಪತ್ರಕ್ಕೆ ಅಂಟಿಸಲು ಬರುವುದಿಲ್ಲ. ನಾನು ಹೇಳುವ ಔಚಿತ್ಯವೆಂದರೆ ಇದೇ.

ನಮ್ಮ ಸೀಮೆಯಲ್ಲಿ ಇಂಥ ಸಂಗತಿಗಳಿಗೆ ಬರವಿಲ್ಲ. ಮುಂಡರಗಿ ಭಾಗದ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಿನಲ್ಲಿ ಕಲೆ ಬೀಳುತ್ತದೆ. ಹೆಚ್ಚು ವರ್ಷ ಕುಡಿದರೆ ಎಲುಬಿಗೂ ತೊಂದರೆ. ಆ ಕಲೆ ತೊಳೆದರೆ ಹೋಗುವಂಥದಲ್ಲ. ವೇದಿಕೆಯ ಮೇಲಿನ ಚೆಲುವಿನಲ್ಲಿ ನಗೆಯದೇ ಅರ್ಧ ಪಾಲು. ಇಲ್ಲಿಯ ಹುಡುಗಿಗೆ ಆ ನಗೆಯನ್ನು ನೀರೇ ಕಸಿದುಕೊಂಡಿದೆ. ಬಾಯಿಗೆ ಸೆರಗು ಅಡ್ಡ ಹಿಡಿದು ನಗುವುದನ್ನು ನಾವು ನಾಚಿಕೆಯೆಂದು ಕವಿತೆ ಕಟ್ಟುತ್ತೇವೆ. ಅದರ ಹಿಂದೆ ಕೆಲವೊಮ್ಮೆ ಕೊಳವೆಬಾವಿಯಿರುತ್ತದೆ. ಈ ಕಡೆಯ ತರುಣಿಯೊಬ್ಬಳು ವೇದಿಕೆ ಏರಿ ತನ್ನ ಊರಿನ ನೀರನ್ನು ಕುರಿತು ನಾಲ್ಕು ಮಾತಾಡಿದರೆ, ಚೆಲುವಿನ ಪ್ರಶ್ನೆಯೂ ಸೇವೆಯ ಪ್ರಶ್ನೆಯೂ ಒಂದೇ ಆಗಿಬಿಡುತ್ತವೆ. ಕಪ್ಪತಗುಡ್ಡದ ಮಾತೂ ಹಾಗೆಯೆ. ಹಳ್ಳಿಗುಡಿಯ ಹೊಲಗಳಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬೇಡವೆಂದು 2011ರಲ್ಲಿ ರೈತರು ಎದ್ದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು. ಯೋಜನೆ ಹಿಂದೆ ಸರಿಯಿತು. ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ನಮ್ಮಲ್ಲಿ ಜನಸೇವೆಯೆಂದರೆ ಹೀಗೆ ಯಾರಾದರೊಬ್ಬರಿಗೆ ಬೇಡವೆನ್ನುವ ಧೈರ್ಯವೂ ಸೇರಿದ್ದು. ಪ್ರಾಯೋಜಕರ ಹೆಸರು ಹೊತ್ತ ವೇದಿಕೆ ಅಷ್ಟು ಮಾತನ್ನು ತಾಳೀತೆ ಎಂಬುದು ನನ್ನ ಸಂದೇಹ.

ಇನ್ನು ಹಂಬಲ. ಪರಿಚಯಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕನಿಕರ ಹುಟ್ಟಿಸುವ ಭಾಗ ಇದು. ಹೆಣ್ಣು ತನ್ನ ಆಸೆಯನ್ನು ನೇರವಾಗಿ ಹೇಳಲಾರಳು. ಅದಕ್ಕೆ ಸೇವೆಯ ಸೀರೆ ಉಡಿಸಬೇಕು. ವೈದ್ಯೆಯಾಗುತ್ತೇನೆಂದರೆ ಸಾಲದು, ಬಡವರಿಗಾಗಿ ಎನ್ನಬೇಕು. ಅದೇ ಕಾಲೇಜಿನ ಹುಡುಗನನ್ನು ಯಾರೂ ಹೀಗೆ ಕೇಳುವುದಿಲ್ಲ. ರನ್ನನನ್ನೇ ನೋಡಿ: ಸರಸ್ವತಿಯ ಭಂಡಾರದ ಮುದ್ರೆ ಒಡೆದವನು ತಾನೆಂದು ಹೆಮ್ಮೆಯಿಂದ ಹೇಳಿಕೊಂಡ. ಸಾವಿರ ವರ್ಷದಿಂದ ನಾವು ಅದನ್ನು ಕವಿಯ ಆತ್ಮವಿಶ್ವಾಸವೆಂದು ಮೆಚ್ಚುತ್ತ ಬಂದಿದ್ದೇವೆ. ಅವನಿಗೆ ಅನ್ನವಿಟ್ಟ ಅತ್ತಿಮಬ್ಬೆ ಮಾತ್ರ ಇನ್ನೊಬ್ಬರ ಹೊಗಳಿಕೆಯಲ್ಲಿ ನಮಗೆ ಸಿಗುತ್ತಾಳೆ. ತಾನು ಏನು ಬಯಸಿದಳೆಂದು ಆಕೆಯ ಬಾಯಲ್ಲಿ ಕೇಳುವಂತಿಲ್ಲ. ಹಳೆಯ ಪ್ರಶಸ್ತಿಯ ಕೊರತೆ ಇದು. ಈ ಒಂದು ಎಡೆಯಲ್ಲಿ ಇಂದಿನ ಬಡಕಲು ಪರಿಚಯಪತ್ರ ಅದನ್ನು ಮೀರಿಸಿದೆ: ಅದರಲ್ಲಿ 'ನಾನು' ಎಂಬ ಪದವಿದೆ.

ಆ 'ನಾನು' ಎಂಬುದಕ್ಕೆ ತಕ್ಕಂತೆ ನಡೆದವರೂ ಇದ್ದಾರೆ. 1966ರಲ್ಲಿ ಲಂಡನ್ನಿನಲ್ಲಿ ಗೆದ್ದ ರೀತಾ ಫರಿಯಾ ಭಾರತದ ಮೊದಲ ವಿಶ್ವಸುಂದರಿ. ಮುಂಬಯಿಯಲ್ಲಿ ವೈದ್ಯಕೀಯ ಓದುತ್ತಿದ್ದವರು. ಗೆದ್ದ ವರ್ಷವೇ ಅಮೆರಿಕದ ಸೈನಿಕರ ಮನರಂಜನೆಗೆ ವಿಯೆಟ್ನಾಮಿಗೆ ಹೋಗಿ ಟೀಕೆಗೂ ಗುರಿಯಾದರು. ಒಂದು ವರ್ಷದ ಕರಾರು ಮುಗಿದೊಡನೆ ಚಿತ್ರರಂಗ, ಮಾಡೆಲಿಂಗ್ ಎಲ್ಲ ಒಲ್ಲೆನೆಂದು ಓದಿಗೆ ಮರಳಿ ವೈದ್ಯೆಯಾದರು. ಕಿರೀಟಕ್ಕಿಂತ ಆ 'ಒಲ್ಲೆ' ದೊಡ್ಡದೆಂದು ನನಗೆ ತೋರುತ್ತದೆ. ನಮ್ಮ ಕಾಲಕ್ಕೆ ಬಂದರೆ, 2022ರಲ್ಲಿ ಕರ್ನಾಟಕದ ಹೆಸರಿನಲ್ಲಿ ನಿಂತು ಮಿಸ್ ಇಂಡಿಯಾ ಆದ ಸಿನಿ ಶೆಟ್ಟಿ ಅವರು ಭರತನಾಟ್ಯ ಕಲಿತವರು. ಗೆಲ್ಲುವ ಹೊತ್ತಿಗೆ ಹಣಕಾಸು ವಿಶ್ಲೇಷಣೆಯ ಪರೀಕ್ಷೆಗೆ ಓದುತ್ತಿದ್ದರು. 2024ರ ಮಾರ್ಚಿನಲ್ಲಿ ಮುಂಬಯಿಯ ವಿಶ್ವಸ್ಪರ್ಧೆಯಲ್ಲಿ ಕೊನೆಯ ಎಂಟರವರೆಗೆ ಹೋದರು. ಕುಣಿತ ಬಲ್ಲೆ, ಲೆಕ್ಕ ಬಲ್ಲೆ ಎಂದು ಹೇಳಲು ಯಾವ ನೆಪವೂ ಬೇಕಾಗಿಲ್ಲ. ಆಸೆ ಪಾಪವಲ್ಲ, ಅದನ್ನು ತ್ಯಾಗವೆಂದು ತೋರಿಸಬೇಕಾಗಿ ಬಂದಾಗ ಮಾತು ಕೆಡುತ್ತದೆ.

ಒಟ್ಟಿನಲ್ಲಿ ನನ್ನ ತೀರ್ಮಾನ ಇಷ್ಟು. ಸೌಂದರ್ಯಸ್ಪರ್ಧೆ ಎಂಬುದು ಸಂತೆ ಹೌದು, ಅದರ ಗದ್ದಲವೂ ಹೌದು. ಆದರೆ ಸಂತೆಯಲ್ಲಿ ನಿಂತವಳ ಮಾತನ್ನು ಸಂತೆಯ ಮಾತೆಂದು ತಳ್ಳಿಹಾಕುವ ಹಕ್ಕು ಓದುಗನಿಗಿಲ್ಲ. ಅವಳ ಪತ್ರವನ್ನು ಮೂರು ಪ್ರಶ್ನೆಗಳಿಂದ ಓದೋಣ. ಈ ಸೇವೆಗೆ ಊರಿದೆಯೆ, ಲೆಕ್ಕವಿದೆಯೆ? ಪಟ್ಟಿ ಕಳಚಿಟ್ಟ ಮೇಲೂ ನಡೆಯುವಂಥದೆ? ಈ ಹಂಬಲ ಅವಳದೆ, ಕೇಳುವವರಿಗಾಗಿ ಹೊಲಿಸಿದ್ದೆ? ಬೆಟಗೇರಿಯ ನೇಕಾರರ ಮುಂದೆ ಸೀರೆ ಹಿಡಿದರೆ ಅವರು ಸೆರಗಿನ ಮೆರುಗನ್ನಷ್ಟೇ ನೋಡಿ ಬಿಡುವುದಿಲ್ಲ, ಹಾಸು-ಹೊಕ್ಕು ನೋಡುತ್ತಾರೆ. ನಾವೂ ಅಷ್ಟು ಮಾಡಿದರೆ ಸಾಕು. ಉತ್ತರ ಸಿಕ್ಕಲ್ಲಿ ಮೆಚ್ಚೋಣ. ಸಿಗದಲ್ಲಿ ಆ ಹುಡುಗಿಯನ್ನು ಬಯ್ಯುವ ಮೊದಲು, ಇಂಥ ಮಾತನ್ನು ಅವಳಿಗೆ ಕಲಿಸಿದವರು ಯಾರೆಂದು ಕೇಳೋಣ.