ತಾನಾಗಿ ಹೋದವನು: ಒಂದು ಟಿಪ್ಪಣಿ

2024ರ ಜನವರಿಯ ಒಂದು ಸಂಜೆ ಕುಂಬ್ರ ಪೇಟೆಯಲ್ಲಿ, ಬೆಳ್ಳಾರೆಗೆ ರಸ್ತೆ ಕವಲೊಡೆಯುವಲ್ಲಿ, ನನ್ನ ವಿದ್ಯಾರ್ಥಿಯಾಗಿದ್ದ ಹುಡುಗನೊಬ್ಬ ಸಿಕ್ಕಿದ. ನಮ್ಮದೇ ಕಾಲನಿಯವನು. ಬಿ.ಕಾಂ. ಮುಗಿಸಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದ. ಮೊಬೈಲು ತೆಗೆದು ಒಂದು ವಿಡಿಯೊ ತೋರಿಸಿದ. ರಷ್ಯಾದಲ್ಲಿ ಹೆಲ್ಪರ್ ಕೆಲಸವಂತೆ, ತಿಂಗಳಿಗೆ ಲಕ್ಷದ ಮೇಲೆ ಸಂಬಳವಂತೆ, ಬಂದೂಕು ಹಿಡಿಯಲಿಕ್ಕಿಲ್ಲ, ಹಿಂದಿನಿಂದ ಸಾಮಾನು ಹೊತ್ತರೆ ಸಾಕಂತೆ.

“ಅಲ್ಲಿ ಯುದ್ಧ ನಡೀತಾ ಉಂಟಲ್ಲ ಮಾರಾಯ” ಎಂದೆ.

“ಗೊತ್ತುಂಟು ಸರ್. ಇಲ್ಲಿ ಎಂತ ಉಂಟು ಹೇಳಿ?”

“ಯೋಚನೆ ಮಾಡಿ ಹೋಗು” ಎಂದು ಮೇಷ್ಟ್ರುಗಳು ಹೇಳುವ ಮಾತನ್ನೇ ಹೇಳಿ ಬಸ್ಸು ಹತ್ತಿದೆ. ಏಜೆಂಟನಿಗೆ ಕೊಡಬೇಕಾದ ಹಣ ಹೊಂದಲಿಲ್ಲವಾಗಿ ಅವನು ಹೋಗಲಿಲ್ಲ. ಮುಂದಿನ ತಿಂಗಳು, ಹೀಗೆಯೇ ಕೆಲಸವೆಂದು ಹೋದ ಕಲಬುರಗಿ ಜಿಲ್ಲೆಯ ಮೂವರು ಯುವಕರು ರಷ್ಯಾದ ಸೈನ್ಯದಲ್ಲಿ ಸಿಕ್ಕಿಬಿದ್ದಿರುವ ಸುದ್ದಿ ಬಂತು. ಪತ್ರಿಕೆ ಓದುತ್ತಾ ನನಗೆ ನಾಚಿಕೆಯಾಯಿತು. ಅವನನ್ನು ಉಳಿಸಿದ್ದು ನನ್ನ ಬುದ್ಧಿವಾದವಲ್ಲ, ಅವನ ಮನೆಯ ಬಡತನ. ದಲಿತ ವಿಮರ್ಶೆಯ ಈ ಸಂಚಿಕೆಗೆ ಬರೆಯಲು ಕೂತಾಗ ಮೊದಲು ಎದುರು ಬಂದು ನಿಂತದ್ದು ಅವನ “ಗೊತ್ತುಂಟು ಸರ್” ಎಂಬ ಮಾತು. ಗೊತ್ತಿದ್ದೂ ಹೊರಡುವವನನ್ನು ಓದಲು ನಮ್ಮ ಸಾಹಿತ್ಯ ನನಗೆ ಏನನ್ನು ಕಲಿಸಿತ್ತು?

ನಮ್ಮ ಎಂ.ಎ. ತರಗತಿಗಳಲ್ಲಿ ಇನ್ನೊಬ್ಬರ ದೇಶದ ಯುದ್ಧಕ್ಕೆ ತಾನಾಗಿ ಹೋದವನೆಂದರೆ ಸ್ಪೇನಿಗೆ ಹೋದವನು. 1936ರ ನಂತರ ಐವತ್ತಕ್ಕೂ ಹೆಚ್ಚು ದೇಶಗಳಿಂದ ಸುಮಾರು 35 ಸಾವಿರ ಜನ ಅಲ್ಲಿನ ಅಂತರರಾಷ್ಟ್ರೀಯ ದಳಗಳನ್ನು ಸೇರಿದರು. ಬೇರೊಂದು ಪಡೆಯಲ್ಲಿ ಸೇರಿ ಕಾದಿದ ಆರ್ವೆಲ್ ಗಂಟಲಿಗೆ ಗುಂಡು ತಗುಲಿಸಿಕೊಂಡು ಬಂದು 1938ರಲ್ಲಿ ಪುಸ್ತಕ ಬರೆದ. ಅವರನ್ನು ಹೀಯಾಳಿಸುವ ಯೋಗ್ಯತೆ ನನಗಿಲ್ಲ. ಆದರೆ ಆ ದಳಗಳಲ್ಲಿದ್ದ ಹೆಚ್ಚಿನವರು ಕಾರ್ಮಿಕರು; ನಮ್ಮ ಪಠ್ಯಕ್ಕೆ ಬಂದವರು ಪುಸ್ತಕ ಬರೆದವರು. ಹಾಗಾಗಿ ‘ತಾನಾಗಿ ಹೋದವನು’ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಮನೆಯಲ್ಲಿ ಸುಖವಾಗಿ ಕೂರಬಹುದಾಗಿದ್ದೂ ಎದ್ದು ಹೊರಟವನ ಚಿತ್ರ. ಇಚ್ಛೆ ಎಂಬುದಕ್ಕೆ ನಾವು ಕೊಟ್ಟ ಅರ್ಥವೇ ಅನುಕೂಲಸ್ಥರದು.

ಆ ಯುದ್ಧದ ದಿನಗಳಲ್ಲಿ ಮುಲ್ಕ್ ರಾಜ್ ಆನಂದ್ ಕೂಡ ಸ್ಪೇನಿಗೆ ಹೋಗಿದ್ದರು. ನಮಗೆ ಅವರು ‘ಅನ್‌ಟಚಬಲ್’ ಬರೆದವರು, ಅಷ್ಟೆ. ಅದಕ್ಕಿಂತ ಕೆಲವು ವರ್ಷ ಈಚಿನ ‘ಅಕ್ರಾಸ್ ದ ಬ್ಲ್ಯಾಕ್ ವಾಟರ್ಸ್’ನ್ನು ನಮ್ಮಲ್ಲಿ ಯಾರೂ ಕೈಗೆತ್ತಿಕೊಂಡಂತೆ ಕಾಣೆ. ಪಂಜಾಬಿನ ರೈತನ ಮಗ ಲಾಲು 1914ರಲ್ಲಿ ಫ್ರಾನ್ಸಿನ ಕಂದಕಗಳಿಗೆ ಹೋಗುತ್ತಾನೆ. ಜರ್ಮನಿಯ ಮೇಲೆ ಅವನಿಗೇನೂ ಸಿಟ್ಟಿಲ್ಲ. ಮನೆಯವರ ಕೈತಪ್ಪಿದ ಹೊಲದ ತುಂಡು ಯುದ್ಧ ಮಾಡಿದ್ದಕ್ಕೆ ಇನಾಮಾಗಿ ವಾಪಸು ಸಿಕ್ಕೀತೆಂಬ ಆಸೆ ಇದೆ. ಆ ಯುದ್ಧದಲ್ಲಿ ದುಡಿದ ಭಾರತೀಯರು ಸುಮಾರು 13 ಲಕ್ಷ, ಸತ್ತವರು 74 ಸಾವಿರಕ್ಕೂ ಮೇಲೆ. ಎರಡನೆಯ ಮಹಾಯುದ್ಧಕ್ಕೆ 25 ಲಕ್ಷ ಮಂದಿ ಸೇರಿದರು; ಜಗತ್ತಿನಲ್ಲೇ ಅತಿ ದೊಡ್ಡ ಸ್ವಇಚ್ಛೆಯ ಸೈನ್ಯ ಎಂದು ಇತಿಹಾಸದ ಪುಸ್ತಕಗಳು ಅದನ್ನು ಹೊಗಳುತ್ತವೆ. ಲಾಲುವಿನ ಹೊಲವನ್ನು ಕಂಡ ಮೇಲೆ ಆ ‘ಸ್ವಇಚ್ಛೆ’ಯನ್ನು ನಾನು ತಡೆದು ತಡೆದು ಓದುತ್ತೇನೆ.

ಹೊಲಕ್ಕೂ ಪರರ ಯುದ್ಧಕ್ಕೂ ಇರುವ ಈ ನಂಟನ್ನು ಕಾಣಲು ಪಂಜಾಬಿಗೆ ಹೋಗಬೇಕೆಂದೂ ಇಲ್ಲ. ನಮ್ಮ ಕುಂಬ್ರಕ್ಕೆ ಹತ್ತಿರದಲ್ಲೇ ಪಡುಮಲೆ ಉಂಟು. ಕೋಟಿ ಚೆನ್ನಯರ ಊರು. ಅವರು ಸತ್ತದ್ದು ಎಣ್ಮೂರಿನಲ್ಲಿ, ಇನ್ನೊಬ್ಬ ಬಲ್ಲಾಳನ ಪರವಾಗಿ ಕಾದಿ. ಪಡುಮಲೆ, ಪಂಜ, ಎಣ್ಮೂರು ಇವತ್ತು ಒಂದೇ ದಿನದಲ್ಲಿ ನೋಡಿ ಬರಬಹುದಾದ ಊರುಗಳು. ಪಾಡ್ದನದ ಲೋಕದಲ್ಲಿ ಅವು ಬೇರೆ ಬೇರೆ ರಾಜ್ಯಗಳು, ಗಡಿ ದಾಟಿದವನು ಪರದೇಶಿ.

ಕತೆ ತುಳುನಾಡಿನ ಎಲ್ಲರಿಗೂ ಗೊತ್ತಿರುವುದೇ. ಪಡುಮಲೆಯ ಬಲ್ಲಾಳನ ಕಾಲಿನ ಗಾಯವನ್ನು ದೇಯಿ ಬೈದೆತಿ ಮದ್ದು ಮಾಡಿ ಗುಣಪಡಿಸುತ್ತಾಳೆ. ಬಲ್ಲಾಳ ಅವಳ ಹೊಟ್ಟೆಯಲ್ಲಿರುವ ಮಕ್ಕಳಿಗೆ ಭಾಷೆ ಕೊಡುತ್ತಾನೆ. (ಅನೇಕ ಪಾಠಗಳಲ್ಲಿ ಈ ದೇಯಿ ಕಾಡಿಗೆ ಬಿಡಲ್ಪಟ್ಟ ಬ್ರಾಹ್ಮಣ ಹುಡುಗಿ. ಬಿಲ್ಲವ ವೀರರ ತಾಯಿಗೂ ಬ್ರಾಹ್ಮಣ ಹುಟ್ಟು ಬೇಕಾಯಿತು! ಇದು ಬೇರೆಯೇ ಲೇಖನದ ವಸ್ತು.) ಮಕ್ಕಳು ದೊಡ್ಡವರಾಗಿ ಬೇಸಾಯಕ್ಕೆ ಇಳಿದಾಗ ಪಕ್ಕದ ಗದ್ದೆಯ ಬುದ್ಯಂತನೊಡನೆ ಉಳುಮೆಗೆ, ನೀರಿಗೆ ಜಗಳ. ಬುದ್ಯಂತ ಸಾಯುತ್ತಾನೆ. ತಾಯಿಗೆ ಕೊಟ್ಟ ಭಾಷೆಯನ್ನು ನಡೆಸೆಂದು ಅಣ್ಣತಮ್ಮಂದಿರು ಬಲ್ಲಾಳನಲ್ಲಿ ಕೇಳುತ್ತಾರೆ, ಅವನು ಒಪ್ಪುವುದಿಲ್ಲ, ಅವರು ನಾಡು ಬಿಡುತ್ತಾರೆ. ಪಂಜದಲ್ಲಿ ಸೆರೆ, ಎಣ್ಮೂರಿನ ದೇವ ಬಲ್ಲಾಳನಲ್ಲಿ ಆಶ್ರಯ, ಒಂದು ಹಂದಿಯ ನೆಪದಲ್ಲಿ ಯುದ್ಧ. ಕೋಟಿ ಪಡುಮಲೆಯ ಕಡೆಯ ಬಾಣಕ್ಕೆ ಬೀಳುತ್ತಾನೆ, ಅಣ್ಣನ ಹಿಂದೆಯೇ ಚೆನ್ನಯ.

ನಾಟಕ, ಯಕ್ಷಗಾನ, ಸಿನಿಮಾಗಳೆಲ್ಲ ಎಣ್ಮೂರಿನ ಯುದ್ಧದ ಕಡೆಗೆ ಓಡುತ್ತವೆ. ನನಗೆ ಈ ಕತೆ ಬಂದದ್ದು ನನ್ನ ಅಜ್ಜಿಯಿಂದ. ಧನಿಗಳ ಗದ್ದೆಯಲ್ಲಿ ನೇಜಿ ನೆಡುತ್ತಾ ಕಲಿತ ಹಾಡು. ಆ ಗದ್ದೆಗಳು ಅಡಿಕೆ ತೋಟವಾದ ಮೇಲೆ ಬೀಡಿ ಕಟ್ಟುತ್ತಾ ಮನೆಯ ಜಗಲಿಯಲ್ಲಿ ಹಾಡುತ್ತಿದ್ದಳು. ಅವಳ ಹಾಡಿನಲ್ಲಿ ಬುದ್ಯಂತನ ಗದ್ದೆಯ ನೀರೇ ಒಂದು ಸಂಜೆ ಹರಿಯುತ್ತಿತ್ತು. ಯುದ್ಧ ಬರುತ್ತಲೇ ಇರಲಿಲ್ಲ. “ಮತ್ತೆ ಎಂತಾಯ್ತು ಅಜ್ಜಿ?” ಎಂದು ಕೇಳಿದರೆ, “ಮತ್ತೆ ಎಂತ, ಸತ್ತರು. ಅದನ್ನು ಗರಡಿಯಲ್ಲಿ ಹೇಳ್ತಾರೆ” ಎನ್ನುತ್ತಿದ್ದಳು. ಅಜ್ಜಿಗೆ ಮರೆತುಹೋಗಿರಬೇಕು ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ನೆಡುವವಳಿಗೆ ನೀರಿನ ಜಗಳ ಗೊತ್ತು. ಯಾವ ಬಲ್ಲಾಳ ಗೆದ್ದರೂ ನಾಳೆ ಬೆಳಿಗ್ಗೆ ಅವಳು ಇಳಿಯಬೇಕಾದದ್ದು ಅದೇ ಗದ್ದೆಗೆ.

ಹಾಗೆ ನೋಡಿದರೆ ಈ ಕತೆಯಲ್ಲಿ ಅವಳಿಗೆ ಜಾಗ ಎಲ್ಲಿ? ಕೋಟಿ ಚೆನ್ನಯರ ಗದ್ದೆಯಲ್ಲೂ ನೇಜಿ ನೆಟ್ಟವರು ಇದ್ದಿರಬೇಕಲ್ಲ. ನೆಟ್ಟು ಹಾಡಿದವರು ನಾವು, ಕಟ್ಟಿ ಕುಣಿದವರು ನಲಿಕೆ, ಪರವ, ಪಂಬದರು. ಹಾಡಿನ ಒಳಗೆ ಮಾತ್ರ ನಾವಿಲ್ಲ. ಅಣ್ಣತಮ್ಮಂದಿರಿಗೆ ಕೈಯಲ್ಲಿ ಸುರಿಯ ಇತ್ತು, ಪಂಜದಲ್ಲಿ ಅಕ್ಕ ಕಿನ್ನಿದಾರುವಿನ ಮನೆ ಇತ್ತು, ಬಲ್ಲಾಳನ ಮುಖಕ್ಕೆ ‘ಹೋಗುತ್ತೇವೆ’ ಎನ್ನುವ ಬಾಯಿ ಇತ್ತು. ಧನಿಯ ಮೂಲದಾಳಿಗೆ ಇದ್ಯಾವುದೂ ಇಲ್ಲ. ಒಬ್ಬ ಧನಿಯನ್ನು ಬಿಟ್ಟು ಇನ್ನೊಬ್ಬನ ಯುದ್ಧಕ್ಕೆ ಹೋಗಲಿಕ್ಕೂ ಒಂದು ಅಂತಸ್ತು ಬೇಕು.

ಮೂಲದಾಳು ಹೋಗಬಹುದಾದದ್ದು ಎಲ್ಲಿಗೆ ಎಂಬುದನ್ನು ಪುತ್ತೂರಿನಲ್ಲಿ ನೆಲೆಸಿ ಬರೆದ ಶಿವರಾಮ ಕಾರಂತರು ಕಂಡರು. 1933ರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ಘಟ್ಟದ ತೋಟಕ್ಕೆ ಹೋಗುವುದು ಅಪ್ಪನ ಸಾಲ ತೀರಿಸಲು. ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಇನ್ನೊಬ್ಬ ಮತಾಂತರವಾಗಿ ಅಲ್ಲೇ ಉಳಿಯುತ್ತಾನೆ. ಕಾರಂತರ ಕರುಣೆಯ ಬಗ್ಗೆ ದಲಿತ ವಿಮರ್ಶೆಗೆ ಇರುವ ತಕರಾರು ನನಗೂ ಇದೆ. ಚೋಮ ದುಡಿ ಬಾರಿಸಿ ಸಾಯುವುದರಲ್ಲಿ ಒಂದು ವಿಧದ ಚೆಂದ ಉಂಟು, ಆ ಚೆಂದ ನನಗೆ ಸಂಶಯ ಹುಟ್ಟಿಸುತ್ತದೆ. ಆದರೆ ಬೇಸಾಯಕ್ಕೆ ಗದ್ದೆ ಕೇಳಿದವನಿಗೆ ಗದ್ದೆ ಸಿಗದಾಗ ಮಕ್ಕಳು ಯಾವ ದಾರಿ ಹಿಡಿಯುತ್ತಾರೆ ಎಂಬುದರಲ್ಲಿ ಅವರು ತಪ್ಪಲಿಲ್ಲ. 1974ರ ಭೂಸುಧಾರಣೆ ಬಂದಾಗ ಗೇಣಿ ಒಕ್ಕಲುಗಳು ಒಡೆಯರಾದರು. ಒಳ್ಳೆಯದೇ ಆಯಿತು. ಚೋಮನಂಥವರು ಒಕ್ಕಲುಗಳಾಗಿರಲಿಲ್ಲವಲ್ಲ, ಬರೀ ಆಳುಗಳು. ಅವರಿಗೆ ಉಳಿದದ್ದು ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕಾದಿರಿಸಿದ ಡಿ.ಸಿ. ಮನ್ನಾ ಭೂಮಿ. ಅದಕ್ಕಾಗಿ ನಮ್ಮ ಜಿಲ್ಲೆಯಲ್ಲಿ ಈಗಲೂ ಅರ್ಜಿ, ಧರಣಿ ನಡೆಯುತ್ತಲೇ ಇದೆ.

ಇಲ್ಲಿ ಗೆಳೆಯರು ನನ್ನನ್ನು ತಡೆಯುತ್ತಾರೆ. “ಹಾಗಾದರೆ ಕೋರೆಗಾಂವ್? ಅದೂ ಪರರ ಯುದ್ಧವೇ ಅಂತೀಯಾ?” ಹೌದು, 1818ರ ಜನವರಿ 1ರಂದು ಮಹಾರ್ ಸಿಪಾಯಿಗಳು ಕಾದಿದ್ದು ಕಂಪೆನಿಗಾಗಿ. ಅಲ್ಲಿನ ಸ್ತಂಭದಲ್ಲಿ ಅವರ ಹೆಸರುಗಳಿವೆ, 1927ರಲ್ಲಿ ಬಾಬಾಸಾಹೇಬರು ಅಲ್ಲಿಗೆ ಹೋಗಿ ನಿಂತರು. ಹೆಸರೇ ಇಲ್ಲದವರ ಹೆಸರನ್ನು ಕಲ್ಲಿನಲ್ಲಿ ಓದುವುದೆಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಾವು ಕೋರೆಗಾಂವಿನ ಶೌರ್ಯವನ್ನು ಹೇಳುವಷ್ಟು ಬಾರಿ ಅದರ ಮುಂದಿನ ಭಾಗವನ್ನು ಹೇಳುವುದಿಲ್ಲ. ಅದೇ ಬ್ರಿಟಿಷರು ‘ಯೋಧ ಜಾತಿ’ಯ ಲೆಕ್ಕ ಹಾಕಿ, 19ನೆಯ ಶತಮಾನ ಮುಗಿಯುವ ಮೊದಲೇ ಮಹಾರರ ಭರ್ತಿಯನ್ನು ನಿಲ್ಲಿಸಿದರು. ಸುಬೇದಾರರ ಮಗನಾದ ಅಂಬೇಡ್ಕರರಿಗೆ ಅದರ ಅರ್ಥ ಗೊತ್ತಿತ್ತು. 1941ರಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದರ ಹಿಂದೆ ಅವರ ಒತ್ತಾಯವಿತ್ತು. ನಾಜಿಗಳು ಗೆದ್ದರೆ ಏನಾದೀತೆಂದು ಯೋಚಿಸಿದ್ದ ಅವರಿಗೆ ಆ ಯುದ್ಧ ಪೂರ್ತಿ ಪರರದ್ದಾಗಿರಲಿಲ್ಲ. ಅವರು ಒಂದು ಸಮುದಾಯದ ಪರವಾಗಿ ಕೂತು, ಕಳೆದುಹೋದ ಹಕ್ಕನ್ನು ಲೆಕ್ಕ ಹಾಕಿ ಕೇಳಿದರು. ಹುಡುಗನೊಬ್ಬ ಪೇಟೆಯ ಬದಿಯಲ್ಲಿ ಒಬ್ಬನೇ ನಿಂತು ಮೊಬೈಲು ನೋಡಿ ತೀರ್ಮಾನಿಸುವುದು ಬೇರೆ. ಎರಡನ್ನೂ ‘ಶೌರ್ಯ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಬಾಬಾಸಾಹೇಬರು ಮಾಡಿದ ಕೆಲಸವೇ ಕಾಣದೆ ಹೋಗುತ್ತದೆ ಎಂಬುದು ನನ್ನ ಜಗಳ. ಗೆಳೆಯರು ಇನ್ನೂ ಒಪ್ಪಿಲ್ಲ.

ಮತ್ತೆ ಕಲಬುರಗಿಯ ಹುಡುಗರಿಗೆ ಬರುತ್ತೇನೆ. ಅವರು ದಲಿತರಲ್ಲ, ಮುಸ್ಲಿಮರು. ದಲಿತ ಸಂಚಿಕೆಯಲ್ಲಿ ಅವರೇಕೆ ಎನ್ನುವವರು ಅಜ್ಜಿಯ ಗದ್ದೆಗೆ ಇನ್ನೊಮ್ಮೆ ಇಳಿಯಬೇಕು. ಅವರಿಗೂ ಹೇಳಿದ್ದು ಬೇರೆ ಕೆಲಸ. ಅಲ್ಲಿ ಮುಟ್ಟಿದ ಮೇಲೆ ರಷ್ಯನ್ ಭಾಷೆಯ ಕರಾರಿಗೆ ಸಹಿ ಹಾಕಿಸಿ ಗಡಿಯ ಕಡೆಗೆ ಕಳಿಸಿದರು. 2024ರ ಮಾರ್ಚಿನಲ್ಲಿ ಸಿ.ಬಿ.ಐ. ಏಜೆಂಟರ ಮೇಲೆ ಮಾನವ ಕಳ್ಳಸಾಗಣೆಯ ಮೊಕದ್ದಮೆ ಹೂಡಿತು, ಜುಲೈಯಲ್ಲಿ ಮಾಸ್ಕೋದಲ್ಲಿ ಪ್ರಧಾನಿಯವರು ಈ ಮಾತೆತ್ತಿದರು, ಸೆಪ್ಟೆಂಬರಿನಲ್ಲಿ ಹುಡುಗರು ಊರಿಗೆ ಬಂದರು. ಎಲ್ಲರೂ ಬರಲಿಲ್ಲ. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಲ್ಲಿ, ರಷ್ಯಾದ ಸೈನ್ಯ ಸೇರಿದ್ದ 126 ಭಾರತೀಯರಲ್ಲಿ 96 ಮಂದಿ ವಾಪಸಾಗಿದ್ದರು, 12 ಮಂದಿ ಸತ್ತಿದ್ದರು, 16 ಮಂದಿಯ ಸುಳಿವಿರಲಿಲ್ಲ.

ಇವರನ್ನು ಕೆಲವರು ಬಾಡಿಗೆ ಸೈನಿಕರೆಂದರು, ಕೆಲವರು ಮೋಸಹೋದ ಮುಗ್ಧರೆಂದರು. ಎರಡು ಮಾತೂ ನನ್ನ ವಿದ್ಯಾರ್ಥಿಗೆ ಅನ್ವಯಿಸುವುದಿಲ್ಲ. ಅವನು ಮುಗ್ಧನಲ್ಲ, ಯುದ್ಧ ಇರುವುದು ಅವನಿಗೆ ಗೊತ್ತಿತ್ತು. ದುರಾಸೆಯವನೂ ಅಲ್ಲ, ತಾಯಿಯ ಹೆಸರಿಗೆ ಒಂದು ತುಂಡು ಜಾಗ ಮಾಡಿಸುವುದಷ್ಟೇ ಅವನ ಲೆಕ್ಕ.

ಮೊನ್ನೆ ಕುಂಬ್ರದಲ್ಲೇ ಮತ್ತೆ ಸಿಕ್ಕಿದ. ಈ ಸಲ ಕೈಯಲ್ಲಿ ಮೊಬೈಲು ಇರಲಿಲ್ಲ, ಒಂದು ಕಾಗದ ಇತ್ತು. ಡಿ.ಸಿ. ಮನ್ನಾ ಜಾಗಕ್ಕೆ ತಾಯಿ ಕೊಟ್ಟಿದ್ದ ಅರ್ಜಿಗೆ ಕಚೇರಿಯಿಂದ ಬಂದ ಹಿಂಬರಹ. “ಎಂತ ಬರ್ದಿದ್ದಾರೆ ಸರ್, ಸಿಕ್ಕಿತೋ ಇಲ್ಲವೋ?” ಎಂದ. ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಇಬ್ಬರೂ ಎರಡು ಸಲ ಓದಿದೆವು. ಕನ್ನಡದಲ್ಲೇ ಇತ್ತು. ಸದ್ರಿ, ಮೇಲ್ಕಾಣಿಸಿದ, ಯಥಾಪ್ರಕಾರ, ಪರಿಶೀಲನೆಯಲ್ಲಿರುವುದರಿಂದ... ಕನ್ನಡ ಎಂ.ಎ. ಮಾಡಿದ ನನಗೂ ಅರ್ಥವಾಗಲಿಲ್ಲ. ಸೋಮವಾರ ರಜೆ ಹಾಕಿ ಅವನ ಜೊತೆ ಕಚೇರಿಗೆ ಹೋಗುವುದೆಂದು ಮಾತಾಗಿದೆ.